ಐದನೇ ಪೀರಿಯಡ್

ಊಟದ ನಂತರದ ಐದನೇ ಪೀರಿಯಡ್ಡು.
ಹಂಬರ್ ನದಿಯ ಬಾಯಿಂದ ನುಗ್ಗಿ ಬಂದ ಗಾಳಿ
ಗ್ರಿಮ್ಸ್‌ಬಿಯ ಕಿಟಕಿಗಳ ಹಲ್ಲು ಕಟಕಟಿಸುತ್ತಿದೆ.
ಗಾಳಿ ಎದ್ದ ದಿನ ಮಕ್ಕಳಿಗೂ ಗಾಳಿ ಹಿಡಿಯುತ್ತದೆ.
ಇದು ಸ್ಟಾಫ್‌ರೂಮಿನ ಶಾಸ್ತ್ರ. ಸಾಬೀತು ಮಾಡಿದವರಿಲ್ಲ,
ಅಲ್ಲವೆಂದವರೂ ಇಲ್ಲ.

ಇಪ್ಪತ್ತೆಂಟು ಮಂದಿ. ವಿನೆಗರಿನ ವಾಸನೆ, ಒದ್ದೆ ಬ್ಲೇಜರು.
ಡೆಮಿ ಹ್ಯಾಕ್ಸ್‌ಬಿ ಮೇಜಿನಂಚಿಗೆ ರೂಲರು ಒತ್ತಿ
ತಂಬೂರಿ ಮೀಟುತ್ತಿದ್ದಾಳೆ.
ಪೆನ್ಸಿಲ್ಲು ಚೂಪು ಮಾಡುತ್ತ ಮಾಡುತ್ತ ಒಲಿವಿಯಾ
ಪೆನ್ಸಿಲ್ಲನ್ನೇ ಮುಗಿಸಿಬಿಟ್ಟಿದ್ದಾಳೆ.
ಬೋರ್ಡಿನ ಮೇಲೆ ನಾನು ಬರೆದದ್ದು:
ಎತ್ತರದಲ್ಲಿ ಅಡಗಿದ ಶಕ್ತಿ.
ಅದು ಅಲ್ಲೇ ಅಡಗಿದೆ. ಯಾರೂ ಹುಡುಕುತ್ತಿಲ್ಲ.

ಹಿಂದಿನ ಸಾಲಿನಲ್ಲಿ, ತೊಡೆಯ ಮೇಲೆ ಹಲಗೆ ಇಟ್ಟು,
ತಪಾಸಣೆಗೆ ಬಂದ ಮಿಸೆಸ್ ಪ್ರಿಂಗಲ್.
ಎರಡು ನಿಮಿಷಕ್ಕೊಮ್ಮೆ ತಲೆಯೆತ್ತಿ
ಯಾರ ಗಮನ ಪಾಠದಲ್ಲಿದೆ, ಯಾರದಿಲ್ಲ,
ಚೌಕ ಚೌಕದಲ್ಲಿ ಗೀಟು ಹಾಕುತ್ತಾರೆ.
ಕೋರಿ ಸ್ಟಬ್ಸನ ಸಾಲು:
ಇಲ್ಲ. ಇಲ್ಲ. ಇಲ್ಲ. ಇಲ್ಲ.

ಇಲ್ಲಿಯ ಭಾಷೆಯಲ್ಲಿ ಗಮನವನ್ನು ತೆರಬೇಕು,
ಕಂದಾಯದ ಹಾಗೆ. ಕೋರಿ ಖಾಯಂ ಬಾಕಿದಾರ.
ನನ್ನ ಭಾಷೆಯಲ್ಲಿ ಗಮನವೆಂದರೆ ಹೋಗುವುದು.
ಬಂದರೆ ಆಗಮನ, ಬಾಗಿಲು ದಾಟಿದರೆ ನಿರ್ಗಮನ,
ಕೂತಲ್ಲೇ ಕೂತು ಕೇಳುವುದೂ
ಎಲ್ಲಿಗೋ ಹೊರಟ ಹಾಗೆಯೇ.

ಗದಗಿನಲ್ಲಿ ನಮ್ಮ ಅಕ್ಕೋರು ಕಿವಿ ಹಿಂಡಿ ಕೇಳುತ್ತಿದ್ದರು,
'ಎಲ್ಲೈತಿ ಲಕ್ಷ್ಯ?'
ಅದಕ್ಕೆ ಉತ್ತರ ಕೊಡಬಾರದೆಂದು
ಒಂದನೇ ಇಯತ್ತೆಯಲ್ಲೇ ಕಲಿತಿದ್ದೆವು.
ಇವತ್ತು ಯಾಕೋ, ಇಷ್ಟು ವರ್ಷಗಳ ಮೇಲೆ,
ಅದು ನಿಜವಾದ ಪ್ರಶ್ನೆ ಅನ್ನಿಸಿತು.
ಕಿವಿ ಮುಟ್ಟದೆ, ಕೋರಿಯ ಪಕ್ಕ ಮಂಡಿಯೂರಿ,
ಅವನ ಕಣ್ಣಿನ ಮಟ್ಟಕ್ಕೆ ನನ್ನ ಕಣ್ಣು ತಂದು ಕೇಳಿದೆ.
ಎಲ್ಲಿದೆ?

'ಐದನೇ ಸಲ, ಮಿಸ್,' ಅಂದ, ತಿರುಗದೆ.
ಆಟದ ಬಯಲಿನ ಟಾರಿನ ಮೇಲೆ ಒಂದು ಕಡಲಹಕ್ಕಿ.
ಕೊಕ್ಕಿನಲ್ಲಿ ಕಪ್ಪು ಚಿಪ್ಪು.
'ಸೈಕಲ್ ಶೆಡ್ಡಿನಷ್ಟು ಎತ್ತರದಿಂದ ಬಿಟ್ರೆ ಒಡೆಯಲ್ಲ.
ದೀಪದ ಕಂಬದಷ್ಟು ಹೋದ್ರೆ ಬರೀ ಬಿರುಕು.
ಇನ್ನೂ ಮೇಲೆ ಹೋದ್ರೆ, ಇದು ಇಳಿಯೋದ್ರೊಳಗೆ
ಇನ್ನೊಂದು ಬಂದು ತಿಂದ್ಕೊಂಡು ಹೋಗತ್ತೆ.
ಅದಕ್ಕೇ ಯೋಚನೆ ಮಾಡ್ತಾ ಇದೆ.'

ಹಕ್ಕಿಯೋ, ಕೋರಿಯೋ, ನಾನು ಕೇಳಲಿಲ್ಲ.
'ಎಲ್ಲರೂ ಇಲ್ಲಿಗೆ ಬನ್ನಿ' ಅಂದೆ, ಮೆಲ್ಲಗೆ.
ಕುರ್ಚಿಗಳು ಕಿರುಚಿದವು.
ತಂಬೂರಿ ಅರ್ಧ ಶ್ರುತಿಯಲ್ಲಿ ನಿಂತಿತು; ಆ ರೂಲರನ್ನೇ
ಡೆಮಿ ಗಾಜಿಗೆ ಹಿಡಿದು, ಒಂದು ಕಣ್ಣು ಮುಚ್ಚಿ,
ಕಂಬ ಅಳೆಯತೊಡಗಿದಳು.
ಮೂರು ಕಂಬವೆಂದು ಒಬ್ಬ, ಎರಡೂವರೆಯೆಂದು ಒಬ್ಬಳು.
ಗೆದ್ದವರಿಗೆ ನಾಳೆಯ ಚಿಪ್ಸು.

ಹಕ್ಕಿ ಎದ್ದಿತು. ಇಪ್ಪತ್ತೆಂಟು ಗದ್ದ ಎದ್ದವು.
ಉಸಿರಿನಿಂದ ಗಾಜು ಮಂಜಾಯಿತು, ಯಾವುದೋ ತೋಳು ಒರೆಸಿತು.
ಬಿಟ್ಟಿತು.

ಗಾಳಿ ಚಿಪ್ಪನ್ನು ಪಕ್ಕಕ್ಕೆ ತಳ್ಳಿ
ಡೆಪ್ಯುಟಿ ಹೆಡ್ಡಿನ ಹೊಸ ಕಾರಿನ ಬಾನೆಟ್ಟಿಗೆ ಅಪ್ಪಳಿಸಿತು.
ಟಣ್!
ಆಮೇಲಿನ ಹತ್ತು ನಿಮಿಷದ ಲೆಕ್ಕ ನಾನು ಕೊಡಲಾರೆ.
ಸೂತ್ರ ಬರೆದುಕೊಂಡವರು ಹತ್ತೊಂಬತ್ತು.
ಕಾರಿನ ತಗ್ಗಿಗೂ ಎತ್ತರಕ್ಕೂ ಏನು ಸಂಬಂಧವೆಂದು
ಬಾಗಿಲಲ್ಲಿ ನಿಂತು ವಾದಿಸಿದವರು ಇಬ್ಬರು.
ಪೆನ್ಸಿಲ್ಲಿಲ್ಲದ ಒಲಿವಿಯಾ ಏನೂ ಬರೆಯಲಿಲ್ಲ.

ವರದಿ ಶುಕ್ರವಾರ ಬಂತು.
ಮಕ್ಕಳ ಏಕಾಗ್ರತೆಯ ದೃಷ್ಟಿಯಿಂದ
ಪೂರ್ವದಿಕ್ಕಿನ ಕಿಟಕಿಗಳಿಗೆ ಪರದೆ ಹಾಕಿಸತಕ್ಕದ್ದು.

ಹಾಕಿಸಿದ್ದಾರೆ. ಬೂದು ಬಣ್ಣ, ಬೆಂಕಿ ಹತ್ತದ ಬಟ್ಟೆ.
ಈಗ ಕೋರಿ ಪುಸ್ತಕದ ಕಡೆಗೇ ಮುಖ ಮಾಡಿ ಕೂರುತ್ತಾನೆ.
ಮಿಸೆಸ್ ಪ್ರಿಂಗಲ್ ಮತ್ತೆ ಬಂದರೆ
ಚೌಕಗಳೆಲ್ಲ ಹೌದು ಎನ್ನುತ್ತವೆ.

ನಿನ್ನೆ, ಶಾಖದ ಪಾಠದ ನಡುವೆ, ಪರದೆಯಾಚೆ
ಟಕ್.
ಅವನ ಪೆನ್ನು ಪುಟದಂಚಿಗೆ ಸರಿದು
ಸಣ್ಣದೊಂದು ಗೀಟು ಎಳೆಯಿತು.
ಸ್ವಲ್ಪ ಹೊತ್ತು ಬಿಟ್ಟು, ಟಕ್.
ಇನ್ನೊಂದು.

ನಾನು ಯಾವ ವಾಕ್ಯದಲ್ಲಿದ್ದೆ ಎಂದು
ಮುಂದಿನ ಬೆಂಚಿನವರು ನೆನಪಿಸಬೇಕಾಯಿತು.