ಆರೂವರೆ ನಿಮಿಷ

ಅಜ್ಮಾನಿನ ಜುಲೈ. ಏಸಿ ಆರಿಸಿದರಷ್ಟೇ
ಮೈಕಿಗೆ ನನ್ನ ದನಿ ಕೇಳುವುದು.
ಏಳನೇ ನಿಮಿಷಕ್ಕೆ ಬೆವರು ಹುಬ್ಬು ದಾಟಿ
ಚಾಕಿನ ಗೆರೆಯ ಮೇಲೆ ತೊಟ್ಟಿಕ್ಕುತ್ತದೆ;
ಹಾಗಾಗಿ ಒಂದು ಪಾಠಕ್ಕೆ ಆರೂವರೆ.

ಮೊದಲು ಅಳತೆ, ಆಮೇಲೆ ಕತ್ತರಿ,
ಮೂರರಲ್ಲಿ ತೋಳು ಕೂರಿಸುವುದು ಅಂತ ಬರೆದಿದ್ದೆ.
ಮಸ್ಕತ್ತಿನಿಂದ ಫ್ಲೋಸಿ ಫೋನಿನಲ್ಲಿ ಅತ್ತಳು:
"ಅಕ್ಕಾ, ಎಡತೋಳು ಬಲಕ್ಕೆ ಕೂತಿದೆ,
ಬಟ್ಟೆ ಗಿರಾಕಿಯದು."

ಪಟ್ಟಿ ಹರಿದೆ.
ಈಗ ಮೊದಲ ಪಾಠ ಬಿಚ್ಚುವುದು:
ನಾಲ್ಕು ಹೊಲಿಗೆಗೊಮ್ಮೆ ಬ್ಲೇಡು ತಾಗಿಸಿ,
ದಾರ ಎಳೆಯಿರಿ, ಬಟ್ಟೆ ಎಳೆಯಬೇಡಿ.

ಹೇಳುತ್ತಿದ್ದಂತೆ ಕೆಳಗೆ ನೀರಿನ ಲಾರಿಯ ಹಾರ್ನು.
ಅದನ್ನು ಅಳಿಸಲಿಲ್ಲ.
ಏಸಿ ಹಾಕಿ, ಗಾಳಿಗೆ ಕತ್ತು ಕೊಟ್ಟು
ನನ್ನದೇ ರವಿಕೆಯ ಕಂಕುಳು ಬಿಚ್ಚತೊಡಗಿದೆ.
ಎರಡನೇ ಪಾಠಕ್ಕೆ ಬಟ್ಟೆ ಬೇಕಲ್ಲ.