ಪ್ರಶ್ನೆ ಹದಿನೇಳು

ಕೊರಳ ಕಪ್ಪು ದಟ್ಟವಾದಷ್ಟೂ
ಕಾಳಿನ ಬಳಿ ಗುಬ್ಬಿಗೆ ಮೊದಲ ಜಾಗ.
ಬಡಪಾಯಿ ಗುಬ್ಬಿಯೊಂದಕ್ಕೆ ಯಾರೋ ಮಸಿ ಬಳಿದರಂತೆ.
ಮುಂದೇನಾಯಿತು?

ಗಾರ್ಡನ್ ಸಿಟಿ, ಕ್ಯಾನ್ಸಸ್.
ಯೆಸೇನಿಯಾಳ ಬೆರಳಲ್ಲಿನ್ನೂ ಮಾಂಸದ ಕಾರ್ಖಾನೆಯ
ರಾತ್ರಿಪಾಳಿಯ ಜೋಮು;
ಮೈಮೇಲೆ, ನಾಳೆ ಅಂಗಡಿಗೆ ಮರಳಬೇಕಾದ ಕಪ್ಪು ಕೋಟು,
ತೋಳೊಳಗೆ ಚುಚ್ಚುವ ಬೆಲೆಚೀಟಿ.

ಎ) ದೊರೆಯಾಯಿತು.
ಬಿ) ಯಾರೂ ಗಮನಿಸಲಿಲ್ಲ.
ಸಿ) ಉಳಿದವು ಕುಕ್ಕಿ ಕುಕ್ಕಿ ಅಟ್ಟಿದವು.

ಮತ್ತೆ ಮೇಲಕ್ಕೆ ಹೋಗಿ ಸಾಲು ಹುಡುಕಲಿಲ್ಲ ಅವಳು.
ಬಾಗಿಲಲ್ಲಿ ಗುರುತುಚೀಟಿ ಕೇಳಿದಾಕೆ
ಕೋಟು ನೋಡಿ "ಮ್ಯಾಮ್" ಎಂದಿದ್ದಳು,
ಬೂಟು ನೋಡಿ
ಬೆರಳಲ್ಲೇ ಕುರ್ಚಿ ತೋರಿಸಿದ್ದಳು.

ಸಿ ಒತ್ತಿದಳು.
ಹದಿನೆಂಟನೆಯದು ಆಗಲೇ ಬಂದು ನಿಂತಿದೆ, ಯಾವುದೋ ಸೇತುವೆಯ ಕತೆ.
ಅವಳಿಗೆ ಮಾತ್ರ ಇದೊಂದು ಉಳಿಯಿತು:
ಆ ಮಸಿ, ಕೊನೆಗೆ, ಯಾರಾದರೂ ತೊಳೆದರೆ?