ಗುಂಜು

ರಾತ್ರಿ ಹತ್ತಕ್ಕೆ ಸ್ವೆಟರು ನನ್ನ ತೊಡೆಯ ಮೇಲೆ.
ಚಳಿಗಾಲಕ್ಕೆ ಡೇರೆ ಹಾಕುವ ಟಿಬೆಟಿನವರ ಹತ್ತಿರ
ದಾವಣಗೆರೆಯಲ್ಲಿ ಚೌಕಾಸಿ ಮಾಡಿ ತಂದದ್ದು,
ಒಂದೇ ಚಳಿಗೆ ಮೈತುಂಬ ಸಾಬಕ್ಕಿ.

ಎಡ ಹೆಗಲಿಂದ ಬಲ ಸೊಂಟಕ್ಕೆ ಓರೆ ಗೆರೆ:
ಟಿಕೆಟ್ ಚೀಲದ ಪಟ್ಟಿ ಉಜ್ಜಿದ ದಾರಿ.
ತಿಪ್ಪೇರುದ್ರಮ್ಮ ಎಂಬ ಹೆಸರು ಎದೆಯ ಬಿಲ್ಲೆಗೆ ಹಿಡಿಸದೆ
ಟಿ. ರುದ್ರಮ್ಮ ಆದವಳು,
ಚಳ್ಳಕೆರೆಯ ಐದೂ ಕಾಲರ ಮೊದಲ ಗಾಡಿಯಲ್ಲಿ
ದುರ್ಗದ ಗುಡ್ಡದ ಗಾಳಿಯಂತ್ರಗಳು ಮಂಜಿನಿಂದ ಹೊರಬರುವ ಮೊದಲೇ
ಟಿಕೆಟ್ ಟಿಕೆಟ್ ಅನ್ನುವವಳು,
ನನ್ನ ಹೆಂಡತಿ, ಒಳಗೆ ಮಲಗಿದ್ದಾಳೆ.

ಮೊದಲ ಸಲ ಬ್ಲೇಡು ಹಿಡಿದಿದ್ದೆ.
ಗಡ್ಡ ಕೆರೆದಂತೆ ಅಂದುಕೊಂಡು ಎಳೆದೆ;
ಮೊಣಕೈ ಹತ್ತಿರ ಕಿಟಕಿ ತೆರೆಯಿತು.
"ಗಾಳಿ ಬರ್ಲಿ ಬಿಡು," ಅಂದಳು, ಅಷ್ಟೇ.
ಈಗ ಅವ್ವನ ಹಿಮ್ಮಡಿ ಉಜ್ಜುವ ಕಲ್ಲು.
ಬಟ್ಟೆ ಬಿಗಿಯಾಗಿ ಹಿಡಿದು, ಒಂದೇ ದಿಕ್ಕಿಗೆ,
ಮಗುವಿನ ತಲೆ ಬಾಚುವಷ್ಟು ಹಗುರ.
ಕಲ್ಲಿಗೆ ಅಂಟಿದ್ದನ್ನು ಹಳೆ ಬಾಚಣಿಗೆಯಿಂದ ಬಿಡಿಸಿ
ಪೇಪರಿನ ಮೇಲೆ ಉದುರಿಸುತ್ತೇನೆ.

ಅವ್ವ ಗೋಡೆಗೊರಗಿ ನೋಡುತ್ತಾಳೆ.
ಐವತ್ತು ವರ್ಷ ಕುರಿಯುಣ್ಣೆ ನೂತ ಬೆರಳು;
ಹುಣಸೆಬೀಜದ ಗಂಜಿ ಕುಡಿದ ಕಂಬಳಿ ಬಿಟ್ಟರೆ
ಬೇರೆಯದಕ್ಕೆ ಮರ್ಯಾದೆ ಕೊಟ್ಟವಳಲ್ಲ.
"ನಮ್ ಕಂಬ್ಳಿಗೂ ಗುಂಜು ಬರ್ತಿತ್ತು ಕಣೋ,
ಬಂದು, ತಾನೇ ಉದುರಿ ಹೋಗ್ತಿತ್ತು.
ಇದರಾಗೆ ಪ್ಲಾಸ್ಟಿಕ್ಕು ಬೆರೆಸವ್ರೆ,
ಅದು ಬಿಡಂಗಿಲ್ಲ, ಕಳಚಂಗಿಲ್ಲ,
ಹಿಡ್ಕಂಡೇ ಇರ್ತೈತೆ."
ಸ್ವಲ್ಪ ಹೊತ್ತು ಸುಮ್ಮನಿದ್ದು
"ನಿಮ್ಮಪ್ಪನಂಗೆ," ಅಂತ ಸೇರಿಸಿದಳು.

ಒಗೆಯುವುದೂ ಈಗ ನನ್ನ ಪಾಲಿಗೇ:
ಒಳಮೈ ಹೊರಗೆ ಮಾಡಿ, ತಣ್ಣೀರು, ಮೆತ್ತನೆ ಸೋಪು,
ಜೀನ್ಸಿನ ಜೊತೆ ಹಾಕಬಾರದು, ಕಲ್ಲಿಗೆ ಬಡಿಯಬಾರದು,
ಹಿಂಡದೆ, ಟವೆಲಿನೊಳಗೆ ಸುತ್ತಿ ಒತ್ತಿ
ಮಂಚದ ಮೇಲೆ ಹಾಸಬೇಕು.
ಇಷ್ಟೆಲ್ಲ ಮಾಡಬಹುದು. ಬಸ್ಸಿನೊಳಗಿನ ಉಜ್ಜಾಟವನ್ನು
ಯಾವ ನೀರಲ್ಲಿ ನೆನೆಸಲಿ?
ಐವತ್ತು ಸೀಟಿಗೆ ತೊಂಬತ್ತು ಜನ,
ಸೊನ್ನೆ ಟಿಕೆಟ್ಟು ಹರಿಯುತ್ತ, ಮೆಣಸಿನಕಾಯಿ ಮೂಟೆ ದಾಟುತ್ತ,
ಭರಮಸಾಗರದಲ್ಲಿ ಹತ್ತುವ ಹುಡುಗರ ಬ್ಯಾಗುಗಳ ನಡುವೆ ತೂರುತ್ತ
ದಾವಣಗೆರೆ ಮುಟ್ಟುವಷ್ಟರಲ್ಲಿ
ಮೈಲಿಗೊಂದು ಕಾಳು.

ತೋಳು ಮುಗಿಯಿತು. ಕಂಕುಳು ಮುಗಿಯಿತು.
ಬೆನ್ನು ತಿರುವಿದೆ.
ಹೋದ ತಿಂಗಳು ಇಲ್ಲಿ ನುಣುಪಾಗಿತ್ತು.
ಈಗ ನಡುಬೆನ್ನ ಮೇಲೆ ಒತ್ತೊತ್ತಾಗಿ ಕಾಳು,
ಬಸ್ಸಿನ ಕಂಬದಷ್ಟೇ ಅಗಲ.
ಒರಗುವುದೆಂದರೆ ಸೋಮಾರಿತನ ಅನ್ನುವವಳು
ಒರಗುತ್ತಿದ್ದಾಳೆ.

ಬೆಳಿಗ್ಗೆ ನಾಲ್ಕಕ್ಕೆ ಟೀ ಕೊಡುತ್ತ ಕೇಳಿದೆ,
"ಬೆನ್ನು ನೋಯ್ತೈತಾ?"
"ಯಾರು ಹೇಳಿದ್ರು?"
ಸ್ವೆಟರು ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದಳು.
ಎದೆ, ತೋಳು, ಹೆಗಲು ಹೊಸದರಂತೆ;
ಬೆನ್ನನ್ನು ನಾನು ಮುಟ್ಟಿರಲಿಲ್ಲ.
"ಇದೊಂದು ಬಿಟ್ಟಿದೀಯಲ್ಲ," ಅಂದಳು,
ತೊಟ್ಟುಕೊಂಡಳು,
ಚೀಲವನ್ನು ಬಲ ಹೆಗಲಿಗೆ ಹಾಕಿಕೊಂಡಳು.